ಬದಲಿಗೆ ಬಂದ ಬಣ್ಣಗಾರ

"ಊಹಿಸು ನೋಡೋಣ, ಚೆನ್ನವೀರಯ್ಯ. ಹಿರಿಯ ಬಣ್ಣಗಾರನೊಬ್ಬ ನಾಲ್ಕು ತಿಂಗಳು ಹಾಸಿಗೆ ಹಿಡಿದ. ಅವನ ಬದಲಿಗೆ ಇನ್ನೊಬ್ಬ ಬಂದ. ಹಿರಿಯನು ಎದ್ದು ಹೋದಾಗ ಅವನ ಜಾಗ ಅವನಿಗೆ ಸಿಕ್ಕಿತೋ, ಇಲ್ಲವೋ?"

ಗುರುಗಳು ಹೀಗೆ ಕೇಳಿದ್ದಕ್ಕೆ ಕಾರಣವಿತ್ತು. ಚೆನ್ನವೀರಯ್ಯ ಇಪ್ಪತ್ತು ವರ್ಷದಿಂದ ಮಠದ ದಾಸೋಹದ ಅಡುಗೆಗೆ ಮುಖ್ಯಸ್ಥ. ಕಾಮಾಲೆಯಾಗಿ ಎರಡು ತಿಂಗಳಿಂದ ಮಲಗಿದ್ದ. ಅವನು ಏಳುವವರೆಗೆ ಅಂತ ಕೊಟ್ರಯ್ಯ ಎಂಬುವನು ಅಡುಗೆಮನೆ ನೋಡಿಕೊಳ್ಳುತ್ತಿದ್ದ. ಈಗ ಚೆನ್ನವೀರಯ್ಯ ಮೆಲ್ಲಗೆ ನಡೆದುಕೊಂಡು ಬಂದು ಗುರುಗಳ ಮುಂದೆ ಕೂತಿದ್ದ. ಬಂದವರೆಲ್ಲ ಕೊಟ್ರಯ್ಯನ ಸಾರನ್ನೇ ಹೊಗಳುತ್ತಾರೆ, ತನ್ನ ಇಪ್ಪತ್ತು ವರ್ಷದ ಸಾರು ಒಬ್ಬರಿಗೂ ನೆನಪಿಲ್ಲ ಎಂದು ಬಹಳ ಹೊತ್ತು ಹೇಳಿಕೊಂಡ. ಕೊನೆಗೆ, "ನನ್ನ ಜಾಗ ಇನ್ನೂ ನನ್ನದೇ ತಾನೇ, ಬುದ್ಧಿ?" ಎಂದು ಕೇಳಿದ. ಅದಕ್ಕೇ ಬಣ್ಣಗಾರನ ಮಾತು ಬಂದದ್ದು.

"ಎಲ್ಲಿ ಸಿಗುತ್ತೆ ಬುದ್ಧಿ? ಕೂತವನು ಏಳಬೇಕಲ್ಲ," ಎಂದ ಚೆನ್ನವೀರಯ್ಯ.

"ಸಿಕ್ಕಿತು. ಕೂತವನು ಸಂತೋಷವಾಗಿ ಎದ್ದ. ಪೂರ್ತಿ ಕೇಳು," ಎಂದು ಗುರುಗಳು ಕತೆ ಹೇಳಿದರು.

ಒಬ್ಬ ವರ್ತಕನಿಗೆ ನೀಲಿ ಅದ್ದುವ ಬಣ್ಣದ ಮನೆಯಿತ್ತು. ನೆಲದಲ್ಲಿ ಹೂತ ಏಳು ದೊಡ್ಡ ಬಾನಿಗಳು, ಅವುಗಳ ತುಂಬ ನೀಲಿಯ ನೀರು. ಆ ನೀರು ಹದವಾಗಿ ಹುಳಿಯುತ್ತಿದ್ದರೆ ಮಾತ್ರ ಬಟ್ಟೆಗೆ ಬಣ್ಣ ಹತ್ತುತ್ತದೆ. ಹದ ತಿಳಿಯಲು ನಾಲಿಗೆಯೇ ಗತಿ. ಹಿರಿಯ ಬಣ್ಣಗಾರ ದಿನಾ ಬೆಳಗ್ಗೆ ಒಂದೊಂದು ಬಾನಿಯ ನೀರನ್ನೂ ನಾಲಿಗೆಗೆ ಹಚ್ಚಿ, ಇದಕ್ಕೆ ಸುಣ್ಣ, ಅದಕ್ಕೆ ಬೆಲ್ಲ ಎಂದು ಹೇಳುತ್ತಿದ್ದ. ಅವನು ಹೇಳದೆ ಯಾರೂ ಒಂದು ಚಿಟಿಕೆ ಹಾಕುತ್ತಿರಲಿಲ್ಲ.

ಅವನು ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ವರ್ತಕ ಪಕ್ಕದ ಸೀಮೆಯಿಂದ ಒಬ್ಬನನ್ನು ಕರೆಸಿ, ಹಿರಿಯರು ಎದ್ದು ಬರುವ ತನಕ ಮಾತ್ರ ಎಂದು ಎಲ್ಲರ ಎದುರಿಗೇ ಹೇಳಿ ನೇಮಿಸಿದ.

ಬದಲಿಯವನು ಮೊದಲು ಮಾಡಿದ್ದೇ ಹಿರಿಯನ ಹಾಸಿಗೆಯ ಬಳಿಗೆ ಬಂದು ಕಾಲು ಮುಟ್ಟಿದ್ದು. ಬಾನಿಗಳ ಸ್ವಭಾವ ಒಂದೊಂದಾಗಿ ಹೇಳಿಕೊಡಬೇಕೆಂದು ಕೇಳಿಕೊಂಡ. ಹಿರಿಯನು ಆರರದ್ದು ಹೇಳಿದ. ಏಳನೆಯದು ಬಿಸಿಲು ಕಾಣದ ಗೋಡೆಯ ಪಕ್ಕದ್ದು. ಮಳೆಗಾಲದಲ್ಲಿ ಅದಕ್ಕೆ ಸುಣ್ಣ ಅರ್ಧ ಸಾಕು. ಅದನ್ನು ಮಾತ್ರ ಹೇಳಲಿಲ್ಲ. ಅದೂ ಹೀಗೇ ಅಂದುಬಿಟ್ಟ.

ಆಮೇಲೆ ಶುರುವಾಯಿತು ನೋಡು ಸಂಕಟ. ಹಿರಿಯನ ಹೆಂಡತಿ ದಿನಾ ನೀರಿಗೆ ಹೋಗುವಾಗ ಬಣ್ಣದ ಮನೆಯ ಸುದ್ದಿ ತರುತ್ತಿದ್ದಳು. ಬಣ್ಣ ಚೆನ್ನಾಗಿ ಹತ್ತುತ್ತಿದೆ ಎಂದರೆ ಇವನಿಗೆ ಅನ್ನ ಸೇರುತ್ತಿರಲಿಲ್ಲ. ಬದಲಿಯವನು ಆಳುಗಳ ಜೊತೆ ಕೂತು ರೊಟ್ಟಿ ತಿನ್ನುತ್ತಾನೆ ಎಂದರೆ ಮುಖ ಗಂಟು ಹಾಕುತ್ತಿದ್ದ. ಒಂದು ದಿನ ಕೇಳಿಯೇಬಿಟ್ಟ.

"ನನ್ನನ್ನು ಯಾರಾದರೂ ವಿಚಾರಿಸಿದರೇನೇ?"

"ಕಾಲು ಹೇಗಿದೆ ಅಂತ ಎಲ್ಲರೂ ಕೇಳಿದರು."

"ಕಾಲನ್ನು ಕೇಳಿದರು. ನನ್ನನ್ನು ಕೇಳಲಿಲ್ಲ."

"ಕಾಲೇನು ಪಕ್ಕದ ಮನೆಯವರದೇ?" ಎಂದು ಅವಳು ಒಳಗೆ ಹೋದಳು.

ಮಳೆ ಹಿಡಿಯಿತು. ಏಳನೆಯ ಬಾನಿ ಕೆಟ್ಟಿತು. ಅದ್ದಿದ ಬಟ್ಟೆ ಬೂದಿಯ ಬಣ್ಣ ತಾಳಿ ಹೊರಗೆ ಬಂತು. ಬದಲಿಯವನು ತೆಂಗಿನ ಚಿಪ್ಪಿನಲ್ಲಿ ಆ ನೀರು ಹಿಡಿದು, ಒದ್ದೆ ಕೈಯಲ್ಲೇ ಓಡಿ ಬಂದ. ನನ್ನ ನಾಲಿಗೆಗೆ ತಿಳಿಯುತ್ತಿಲ್ಲ ಅಣ್ಣಾ, ನೀವೊಮ್ಮೆ ನೋಡಿ ಎಂದ.

ಹಿರಿಯನು ನಾಲಿಗೆಗೆ ಹಚ್ಚಿದ. ಹಚ್ಚಿದ ಕೂಡಲೇ ತಿಳಿಯಿತು. ಸುಣ್ಣ ಹೆಚ್ಚಾಗಿತ್ತು. ಇವತ್ತೇ ಬೆಲ್ಲ ಕರಗಿಸಿ, ತಗಚೆ ಬೀಜ ಬೇಯಿಸಿದ ನೀರು ಹೊಯ್ದರೆ ಬಾನಿ ಬದುಕುತ್ತದೆ, ನಾಳೆಗೆ ಇಲ್ಲ.

"ಕಷಾಯ ಕುಡಿದೂ ಕುಡಿದೂ ರುಚಿಯೇ ಸತ್ತಿದೆಯಪ್ಪ," ಎಂದ.

ಬದಲಿಯವನು ಚಿಪ್ಪು ಹಿಡಿದುಕೊಂಡು ಹಿಂದಿರುಗಿದ. ಆ ದಿನ ಹಿರಿಯನು ಮತ್ತೆ ಬಡಿಸಿಕೊಂಡು ಉಂಡ. ಬಾನಿ ಸತ್ತಿತು. ತಪ್ಪು ನನ್ನದೇ ಎಂದು ಬದಲಿಯವನು ವರ್ತಕನಿಗೆ ಹೇಳಿ, ಬಾನಿ ತೊಳೆದು ಹೊಸ ನೀರು ಕಟ್ಟಿದ.

ನಾಲ್ಕು ತಿಂಗಳಿಗೆ ಹಿರಿಯನು ಎದ್ದ. ವರ್ತಕ ಕೊಟ್ಟ ಮಾತಿನಂತೆ ನಡೆದ. ಬದಲಿಯವನು ಮತ್ತೊಮ್ಮೆ ಕಾಲು ಮುಟ್ಟಿ ತನ್ನ ಊರಿಗೆ ಹೋದ. ಎಲ್ಲ ಮೊದಲಿನ ಹಾಗೇ ಆಯಿತು.

ಮರುವರ್ಷ ಮಳೆಯಲ್ಲಿ ಯಾರೋ ಆಳು ಮರೆತು ಏಳನೆಯ ಬಾನಿಗೆ ಪೂರ್ತಿ ಸುಣ್ಣ ಸುರಿದ. ಮತ್ತೆ ಬೂದಿ ಬಣ್ಣ. ಹಿರಿಯನು ನಾಲಿಗೆಗೆ ಹಚ್ಚಿ, ಹಿಂದೆ ಮುಂದೆ ಯೋಚಿಸದೆ ಬೆಲ್ಲ ತರಿಸಿದ, ತಗಚೆ ಬೇಯಿಸಿದ. ಬೆಳಗಾಗುವಷ್ಟರಲ್ಲಿ ಬಾನಿ ಚೇತರಿಸಿತು. ಯಾರೂ ಹೊಗಳಲಿಲ್ಲ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ವಯಸ್ಸಾದ ಒಬ್ಬ ಆಳು ಕೇಳಿದ: "ಈ ಮದ್ದು ನಿಮಗೆ ಯಾವಾಗಿನಿಂದ ಗೊತ್ತು, ಅಣ್ಣಾ?"

ಅಂದಿನಿಂದ ಬಾನಿಯ ಹದದ ಬಗ್ಗೆ ಅನುಮಾನ ಬಂದರೆ ಆಳುಗಳು ಹಿರಿಯನನ್ನು ಕೇಳುತ್ತಿರಲಿಲ್ಲ. ಚಿಪ್ಪು ಹಿಡಿದು ಎರಡು ಹರದಾರಿ ನಡೆದು ಬದಲಿಯವನ ಊರಿಗೆ ಹೋಗಿ ಕೇಳಿ ಬರುತ್ತಿದ್ದರು. ಹಿರಿಯನು ತನ್ನ ಜಾಗದಲ್ಲೇ ಕೂತು ಅವರು ಹೋಗುವುದನ್ನೂ ಬರುವುದನ್ನೂ ನೋಡುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಎರಡನೆಯ ಸಲ ಬಾನಿ ಕೆಟ್ಟಾಗ ಮದ್ದು ಹಾಕಿದ್ದರಿಂದಲೇ ಅವನು ಕೆಟ್ಟದ್ದು, ಆಗಲೂ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂದು ಚೆನ್ನವೀರಯ್ಯ ಹೇಳಿದ. ಹೇಳಿದ ಮೇಲೆ ಅವನಿಗೇ ಯಾಕೋ ಕಸಿವಿಸಿಯಾಯಿತು.

"ಇದೆಲ್ಲ ಹಳೆಯ ಕಾಲದ್ದಿರಬೇಕು. ಯಾವಾಗ ನಡೆದದ್ದು, ಬುದ್ಧಿ?" ಎಂದ.

ಅದಕ್ಕೆ ಗುರುಗಳು ಹೇಳಿದ್ದು ಒಂದೇ ಮಾತು:

"ಸಾವಿರ ಎಲೆಯ ಅನ್ನಕ್ಕೆ ಎಸರು ಎಷ್ಟೆಂದು ಕೇಳಲು ಕೊಟ್ರಯ್ಯ ಬಂದಾಗ ನೀನು ಗೋಡೆಯ ಕಡೆ ತಿರುಗಿ ನಿದ್ದೆ ಬಂದವನ ಹಾಗೆ ಮಲಗಿದೆಯಲ್ಲ, ಅಂದೇ ನಡೆದದ್ದು: ನಿನ್ನೆ, ಶ್ರಾವಣ ಬಹುಳ ಪಂಚಮಿ, ಗುರುವಾರ."