ನಾಟಕಕಾರರ ಕುರ್ಚಿ

ತೀರಿಹೋದ ನಾಟಕಕಾರರೊಬ್ಬರ ನೆನಪಿಗೆ ಕಟ್ಟಿದ ಸಂಘವದು. ಅವರು ಕೂತು ನಾಟಕ, ಕಾದಂಬರಿ ಬರೆದ ಬೆತ್ತದ ಕುರ್ಚಿ ಅಲ್ಲಿತ್ತು. ದಿನಾ ಅದನ್ನು ಒರೆಸುತ್ತಿದ್ದ ಸಂಘದ ಕೆಲಸದಾಕೆ ತಂಗೆವ್ವ ಒಮ್ಮೆಯೂ ಅದರಲ್ಲಿ ಕೂತವಳಲ್ಲ. ಭಾರ ಬಿದ್ದರೆ ಮುರಿಯುವಷ್ಟು ಅದು ಹಳೆಯದಾಗಿತ್ತು.

ಪುಣ್ಯತಿಥಿಯ ದಿನ ದಢೂತಿ ಅಧ್ಯಕ್ಷರು ಹಟ ಹಿಡಿದರು. "ಆ ಕುರ್ಚಿ ವೇದಿಕೆಗೆ ತಾ. ನಾನು ಅದರಾಗ ಕೂಡತೀನಿ."

ತಂಗೆವ್ವ ತಂದಿಟ್ಟಳು. ಅವರು ಕೂಡಲು ಬಗ್ಗುವಾಗ ಹಾರ, ದೀಪ ಹಿಡಿದು ನಿಂತಳು.

"ಏನವ್ವಾ ಇದು?"

"ಪ್ರತಿ ವರ್ಷ ಈ ಕುರ್ಚಿಗೆ ಹಾರ ಹಾಕಿ, ದೀಪ ಹಚ್ಚಿ, ಮೌನ ಆಚರಸ್ತೀವಲ್ರೀ ಸಾಹೇಬ್ರ. ಈ ವರ್ಷ ನಿಮಗ. ಸುಮ್ಮನ ಕಣ್ಣು ಮುಚ್ಚಿ ಕೂಡ್ರಿ."

ಅಧ್ಯಕ್ಷರು ಬೆಂಕಿ ಮುಟ್ಟಿದವರಂತೆ ಹಿಂದೆ ಸರಿದರು.

ತಂಗೆವ್ವ ಖಾಲಿ ಕುರ್ಚಿಗೆ ಹಾರ ಹಾಕಿದಳು. ಸಭೆ ಎದ್ದು ನಿಂತಿತು. ಅಲ್ಲಿ ಯಾರೋ ಬರೆಯುತ್ತ ಕೂತಿದ್ದಾರೆನ್ನುವಂತೆ ಎಲ್ಲರೂ ಉಸಿರು ಬಿಗಿಹಿಡಿದರು. ಮೊದಲು ಕೈಮುಗಿದವರು ಅಧ್ಯಕ್ಷರೇ.