ಹೊನ್ನಿಗೆ ಮಾತು ಕಲಿಸಿದ ಬೋರಲಿಂಗ

ಗುಬ್ಬಿಕೆರೆಯ ನಿಂಗಾಜಮ್ಮನಿಗೆ ಒಬ್ಬಳು ಮಗಳು, ಒಬ್ಬ ಮಗ. ಮಗಳು ಜಯಶೀಲ ಜಾಣೆ, ಬಟ್ಟೆ ಫ್ಯಾಕ್ಟರಿಯಲ್ಲಿ ಹೊಲಿಗೆ ಕೆಲಸ. ಮಗ ಬೋರಲಿಂಗನ ವಿಷಯ ಮಾತ್ರ ಕೇಳಬೇಡಿ. ಬೇಡ ಅಂದರೂ ಕೇಳುವವರು ನೀವು, ಹೇಳಿಯೇಬಿಡುತ್ತೇನೆ. "ಬಾಗ್ಲು ನೋಡ್ಕೊಳ್ಲಾ" ಅಂದರೆ ಸಂಜೆಯವರೆಗೂ ಬಾಗಿಲನ್ನೇ ನೋಡುತ್ತಾ ಕೂರುವವನು. ಹಿಂದಿನಿಂದ ನಾಯಿ ಬಂದು ಮುದ್ದೆ ತಿಂದು ಹೋದರೂ ತಿರುಗಿದವನಲ್ಲ.

"ಹೇಳಿದ್ದ ಹೇಳ್ದಂಗೇ ಮಾಡ್ತಾನಲ್ಲಪ್ಪ, ಇವನ್ನ ಏನಂತ ಬೈಲಿ!" ಎಂದು ನಿಂಗಾಜಮ್ಮ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಜಯಶೀಲ ಬೆಳಗಾಗೆದ್ದು ಕೆಲಸಕ್ಕೆ ಹೋದರೆ ಅವಳ ಮಗಳು ಹೊನ್ನಿ ಬೋರಲಿಂಗನ ಸೊಂಟ ಏರುತ್ತಿದ್ದಳು. ಅವನಿಗೆ ಹೊನ್ನಿ ಅಂದರೆ ಪಂಚಪ್ರಾಣ. ಆದರೆ ಹೊನ್ನಿಗೆ ಎರಡು ವರ್ಷ ತುಂಬಿದರೂ ಒಂದೇ ಒಂದು ಮಾತು ಬರಲಿಲ್ಲ. ಜಯಶೀಲಳ ಅತ್ತೆ ಮರಿಚನ್ನಮ್ಮ ಹೇಳಿಕಳಿಸಿದಳು: "ಬಾಯಿದ್ದೋನು ಬರಗಾಲದಲ್ಲೂ ಬದುಕ್ದ ಅಂತಾರೆ. ಹುಣ್ಣಿಮೆಗೆ ಬತ್ತೀನಿ. ಅಷ್ಟರಲ್ಲಿ ಕೂಸು ಒಂದು ಮಾತಾಡ್ದೆ ಇದ್ರೆ ನಮ್ಮೂರಿಗೆ ಎತ್ಕೊಂಡೋಯ್ತೀನಿ. ಪೆದ್ದನ ಸೊಂಟದ ಮೇಲೆ ಬೆಳುದ್ರೆ ಪೆದ್ದೀನೇ ಆಯ್ತಾಳೆ!"

ದಿನವೂ ಮೂರು ಮುದ್ದೆ ಉಣ್ಣುವ ಬೋರಲಿಂಗ ಅವತ್ತು ಒಂದೇ ಉಂಡ.

"ಅವ್ವ, ಮಕ್ಳಿಗೆ ಮಾತು ಎಂಗ್ ಬತ್ತದೆ?"

"ಕೇಳಿ ಕೇಳಿ ಬತ್ತದೆ ಕಣ್ಲಾ. ಏನ್ ಮಾಡುದ್ರೂ ಮಗೀಗೆ ಬಾಯ್ಬುಟ್ಟು ಹೇಳ್ಕೊಂಡು ಮಾಡು."

"ಸರಿ ಕಣವ್ವ."

ಹೊನ್ನಿಯನ್ನು ಎತ್ತಿಕೊಂಡು ಹೊರಟ. ಊರಿಗೆಲ್ಲ ಕೇಳುವ ಹಾಗೆ ಕೂಗಿದ: "ಹೊನ್ನೀ, ಈಗ ಮಾಮ ಸಾವಂದಮ್ಮನ ಬೇಲಿ ದಾಟ್ತಾವ್ನೆ! ಈಗ ಸೀಬೆಹಣ್ಣು ಕೀಳ್ತಾವ್ನೆ! ಈಗ ಟವಲಿಗೆ ಕಟ್ಕೋತಾವ್ನೆ!"

ಸಾವಂದಮ್ಮ ಪೊರಕೆ ಹಿಡಿದು ಬಂದಳು.

"ಈಗ ಮಾಮ ಏಟು ತಿಂತಾವ್ನೆ! ಇನ್ನೊಂದು ತಿಂತಾವ್ನೆ!"

ಹೊನ್ನಿ ಕೇಕೆ ಹಾಕಿದಳು. ಮಾತು ಮಾತ್ರ ಇಲ್ಲ.

"ಅಯ್ಯೋ ಮಂಕೇ!" ಎಂದಳು ನಿಂಗಾಜಮ್ಮ. "ಕದಿಯೋದೂ ಅಲ್ದೆ ಡಂಗುರ ಹೊಡಿತೀಯಾ! ಅಂಗಲ್ಲ. ಒಂದೊಂದೇ ತೋರ್ಸು, ಹೆಸರು ಹೇಳು, ಮೂರ್ಮೂರು ಸಲ ಹೇಳು. ಬ್ಯಾರೆ ಏನೂ ಅನ್ನಬ್ಯಾಡ."

"ಸರಿ ಕಣವ್ವ."

ಸಂಜೆ ಹಾಲು ಹಾಕಲು ಡೈರಿಗೆ ಹೋದ. ಜನ ಸಾಲಾಗಿ ನಿಂತಿದ್ದರು. ಬೋರಲಿಂಗ ಬೆರಳು ತೋರಿಸಿದ. "ಹಸು! ಹಸು! ಹಸು!" ಭೇಷ್ ಅಂದರು. "ಕ್ಯಾನು! ಕ್ಯಾನು! ಕ್ಯಾನು!" ಭೇಷ್. ಅಷ್ಟರಲ್ಲಿ ಡೈರಿ ಸೆಕ್ರೆಟರಿ ಟೋಪಿ ತೆಗೆದರು. "ಬೋಳು! ಬೋಳು! ಬೋಳು!" ಭೇಷ್ ಅನ್ನಲು ಯಾರಿಗೂ ಧೈರ್ಯ ಬರಲಿಲ್ಲ. ಹಿಂದೆ ನಲ್ಲಿಯ ಹತ್ತಿರ ಜವರಪ್ಪ ತನ್ನ ಕ್ಯಾನಿನ ಮುಚ್ಚಳ ತೆಗೆದು ಬಗ್ಗಿದ್ದ.

"ನೀರು! ನೀರು! ನೀರು!"

"ಲೇ, ಹಾಲು ಕಣ್ಲಾ ಅದು!" ಎಂದು ಜವರಪ್ಪ ಗದರಿದ.

ಬೋರಲಿಂಗ ಬಗ್ಗಿ ಕ್ಯಾನಿನೊಳಗೆ ಸರಿಯಾಗಿ ನೋಡಿದ. "ನೀರು! ನೀರು! ನೀರು!"

ಜವರಪ್ಪ ಮನೆವರೆಗೂ ಬಂದು ಜಗಳ ತೆಗೆದ. ನಿಂಗಾಜಮ್ಮ ಅವನ ಕಾಲು ಹಿಡಿಯುವುದೊಂದು ಬಾಕಿ.

"ಅಯ್ಯೋ ಮುಂಡೇದೇ! ಕಂಡಿದ್ದನ್ನೆಲ್ಲ ತೋರುಸ್ತಾರೇನೋ! ಇನ್ಮ್ಯಾಕೆ ನೀನಾಗಿ ಏನೂ ಆಡಬ್ಯಾಡ. ಮಗ ಏನಂತದೋ ಅದ್ನೇ ಅನ್ನು. ಆಗ ಅದುಕ್ಕೂ ಉರುಪು ಬತ್ತದೆ."

"ಸರಿ ಕಣವ್ವ."

ಹುಣ್ಣಿಮೆ ಬಂದೇಬಿಟ್ಟಿತು. ಮರಿಚನ್ನಮ್ಮ ಆಟೋದಿಂದ ಇಳಿದು ಜಗುಲಿಗೆ ಬಂದಳು. ಬೋರಲಿಂಗನ ಸೊಂಟದ ಮೇಲೆ ಹೊನ್ನಿ ಕೂತಿದ್ದಳು.

"ಎಲ್ಲಾ ಚೆಂದಾಗಿದ್ದೀರೇನಪ್ಪ?"

ಹೊನ್ನಿ ತುಟಿ ಊದಿ "ಪುರ್ರ್!" ಎಂದಳು.

ಬೋರಲಿಂಗನೂ "ಪುರ್ರ್ರ್!" ಎಂದ. ಮಗುವಿನದು ತುಂತುರು, ಇವನದು ಜಡಿಮಳೆ.

"ನನ್ ಮಕುಕ್ಕೆ ಎಂಜಲು ಎರುಚ್ತೀಯಾ!" ಎಂದು ಮರಿಚನ್ನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಪುರ್ರ್!" ಅಂದಳು ಹೊನ್ನಿ.

"ಪುರ್ರ್ರ್!" ಅಂದ ಬೋರಲಿಂಗ.

"ಸಾಕು! ಮಗೀನ ಬಟ್ಟೆ ಗಂಟು ಕಟ್ರಿ!" ಎಂದು ಮರಿಚನ್ನಮ್ಮ ಹೊನ್ನಿಯನ್ನು ಕಿತ್ತುಕೊಂಡಳು.

ನಿಂಗಾಜಮ್ಮ ಮಗನನ್ನು ಅಡುಗೆಮನೆಗೆ ಎಳೆದಳು. "ಮನೆ ಮುಳುಗುಸ್ದಲ್ಲೋ! ಎಲ್ಲಾ ನಿಂದೇ ತಪ್ಪು. ಅದು ಕಣ್ ಬುಟ್ರೆ ನೀರು, ಕೈ ಆಡ್ಸುದ್ರೆ ಬೆಲ್ಲ! ಇನ್ಯಾಕೆ ಮಾತಾಡ್ತದೆ? ಬಾಯ್ಬುಟ್ಟು ಕೇಳೋಗಂಟ ಏನೂ ಕೊಡಬ್ಯಾಡ. ಏನಾರ ಕೇಳ್ತೋ, ತಡ ಮಾಡಬ್ಯಾಡ, ಕೇಳಿದ್ದ ಕೇಳಿದ ಜಾಗದಲ್ಲೇ ಕೊಟ್ಬುಡು!"

"ಸರಿ ಕಣವ್ವ."

ಅವನು ಒಂದು ಕೈಯಲ್ಲಿ ಬೆಲ್ಲದುಂಡೆ, ಇನ್ನೊಂದು ಕೈಯಲ್ಲಿ ನೀರಿನ ಲೋಟ ಹಿಡಿದು ಓಡಿ ಬರುವಷ್ಟರಲ್ಲಿ ಮರಿಚನ್ನಮ್ಮ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಕೂತಾಗಿತ್ತು. ಬೋರಲಿಂಗನ ಕಣ್ಣಲ್ಲಿ ನೀರು ಧಾರೆಯಾಗಿ ಹರಿಯುತ್ತಿತ್ತು. ಹೊನ್ನಿ ಇಲ್ಲದ ಮನೆಯಲ್ಲಿ ತಾನು ಏನು ಮಾಡಬೇಕು ಎಂದು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

"ಕೇಳು ಹೊನ್ನೀ, ಕೇಳು! ಏನ್ ಬೇಕು, ಬಾಯ್ಬುಟ್ಟು ಕೇಳು!"

ಹೊನ್ನಿ ಬೆಲ್ಲ ನೋಡಿದಳು. ಸುಮ್ಮನಿದ್ದಳು. ನೀರು ನೋಡಿದಳು. ಸುಮ್ಮನಿದ್ದಳು. ಡ್ರೈವರು ಆಟೋ ಶುರು ಮಾಡಿದ. ಹೊನ್ನಿ ಎರಡೂ ಕೈ ಚಾಚಿ, ತುಟಿ ಬಿಗಿದು, ಕೆನ್ನೆ ಉಬ್ಬಿಸಿದಳು. ಮತ್ತೆ ಪುರ್ರ್ ಬಂತು ಎಂದು ಮರಿಚನ್ನಮ್ಮ ಮುಖಕ್ಕೆ ಸೆರಗು ಹಿಡಿದಳು.

"ಮಾ... ಮಾಮಾ!"

ನಿಂಗಾಜಮ್ಮ ಜಗುಲಿಯಿಂದ ಹಾರಿಯೇ ಬಂದಳು. ಮರಿಚನ್ನಮ್ಮನ ಬಾಯಿ ಜೋರು, ಕರುಳು ಅಷ್ಟೇ ಮೆತ್ತಗೆ. ಆಟೋದಿಂದ ಇಳಿದು ಮಗುವನ್ನು ಬೀಗಿತ್ತಿಯ ಸೊಂಟಕ್ಕೆ ಏರಿಸಿದಳು. "ಮಾತಾಡ್ತಲ್ಲ ನನ್ ಕೂಸು! ನಂಗೆ ಬೇಕಾದ್ದು ಅಷ್ಟೇಯ. ಇಲ್ಲೇ ಇರ್ಲಿ, ಅವರ ಮಾಮನ ತಾವೇ ಬೆಳೀಲಿ." ಇಬ್ಬರೂ ಅಪ್ಪಿಕೊಂಡು ಅತ್ತರು, ನಕ್ಕರು, ಮೂಗೊರೆಸಿಕೊಂಡರು.

ಮರಿಚನ್ನಮ್ಮ ಊರಿಗೆ ಹೊರಡಲು ಆಟೋಗೆ ಬಂದು ನೋಡಿದರೆ ಒಳಗೆ ಬೋರಲಿಂಗ ಕಾಲು ಮಡಚಿಕೊಂಡು ಕೂತಿದ್ದಾನೆ!

"ನೀನ್ಯಾಕಪ್ಪ ಹತ್ತಿದ್ದೀಯ?"

"ಮಗ ಬಾಯ್ಬುಟ್ಟು ಮಾಮನ್ನ ಕೇಳ್ತಲ್ಲ ಅತ್ತೆ! ಕೊಡ್ಬೇಕಲ್ಲ! ಕೊಟ್ಟಿವ್ನಿ."

"ಲೇ, ಮಗ ಇಲ್ಲೇ ಅದೆ ಕಣ್ಲಾ, ನನ್ ಸೊಂಟದ ಮ್ಯಾಲೆ! ಇಳಿಯೋ!" ಎಂದು ನಿಂಗಾಜಮ್ಮ ಕಿರುಚಿದಳು.

"ಅದು ಕೇಳಿದ್ದು ಆಟೋದಲ್ಲಿ ಕಣವ್ವ! ಕೇಳಿದ ಜಾಗದಲ್ಲೇ ಕೊಡು ಅಂದ್ಯಲ್ಲ!"

ತೋಳು ಹಿಡಿದು ಎಳೆದರು. ಕಿವಿ ಹಿಡಿದು ಎಳೆದರು. ಬೋರಲಿಂಗ ಅಲ್ಲಾಡಲಿಲ್ಲ. ಡ್ರೈವರಿಗೆ ಬೇರೆ ಬಾಡಿಗೆ ಇತ್ತು, ಕಾದು ಕಾದು ಸಾಕಾಗಿ ಆಟೋ ಬಿಟ್ಟೇಬಿಟ್ಟ. ಸೀಟಿನ ತುದಿಯಲ್ಲಿ ಮರಿಚನ್ನಮ್ಮ, ಉಳಿದದ್ದರಲ್ಲೆಲ್ಲ ಬೋರಲಿಂಗ.

ಹೊನ್ನಿ ಅಜ್ಜಿಯ ಸೊಂಟದಿಂದ ಜಾರುತ್ತಾ ಕೈ ಚಾಚಿ "ಮಾಮಾ! ಮಾಮಾ!" ಎಂದು ಕೂಗಿದಳು.

ಬೋರಲಿಂಗ ಆಟೋದಿಂದ ತಲೆ ಹೊರಗೆ ಹಾಕಿ, ಮುಖವೆಲ್ಲ ಹಿಗ್ಗಾಗಿ ಕೂಗಿ ಹೇಳಿದ:

"ಕೊಟ್ಟಾಯ್ತು ಹೊನ್ನೀ, ಕೊಟ್ಟಾಯ್ತು! ಇನ್ನೇನ್ ಬೇಕು ಕೇಳು!"