ಹಯಾತ್ ಸಾಬರು ಹುಡುಕಿಕೊಟ್ಟ ದನಿ

ಬಹಳ ಹಿಂದೆ, ಮನೆಮನೆಯಲ್ಲೂ ಟೇಪ್‌ರೆಕಾರ್ಡರು ಹಾಡುತ್ತಿದ್ದ ಕಾಲದಲ್ಲಿ, ಹೊಳೆದಂಡೆಯ ಮಾದನಗಟ್ಟ ಅನ್ನೋ ಊರಲ್ಲಿ ಹಯಾತ್ ಸಾಬರು ಅಂತ ಒಬ್ಬರಿದ್ದರಂತೆ. ಇಸವಿ ಗಿಸವಿ ಕೇಳಬೇಡಿ, ಅದನ್ನೆಲ್ಲ ಬರೆದಿಟ್ಟವರು ಯಾರು? ರೇಡಿಯೋ, ಟೇಪು ರಿಪೇರಿ ಅವರ ಕಸುಬು. ಅಂಗಡಿ ಅಂದರೆ ಒಂದು ಮೇಜು, ಬಂದವರಿಗೆ ಒಂದು ಬೆಂಚು, ಮತ್ತೆ ಅವರದೇ ಒಂದು ಒಳ್ಳೇ ಮೆಷಿನ್ನು, ಅಷ್ಟೇ.

ಆ ಊರಿನವರಿಗೆ ಫೋಟೋ ಗೀಟೋ ಅಷ್ಟಕ್ಕಷ್ಟೆ. ದನಿ ಹಿಡಿಸೋದು ಅಂದರೆ ಪ್ರಾಣ. ಮದುವೆಯಾಗಿ ಹೋಗೋ ಮಗಳ ದನಿ, ಹಾಸಿಗೆ ಹಿಡಿದ ತಾತನ ದನಿ, ತೊದಲು ಮಾತಾಡೋ ಕೂಸಿನ ದನಿ, ಎಲ್ಲ ಸಾಬರನ್ನು ಮನೆಗೇ ಕರೆಸಿ ಕ್ಯಾಸೆಟ್ಟಿಗೆ ಹಿಡಿಸಿ, ಹೆಸರು ಬರೆದ ಚೀಟಿ ಅಂಟಿಸಿ, ಟ್ರಂಕಿನಲ್ಲಿ ಜೋಪಾನ ಮಾಡೋರಂತೆ.

ಒಂದು ಸಲ ಹೊಳೆ ಊರೊಳಕ್ಕೇ ಬಂದುಬಿಟ್ಟಿತು. ನೀರು ಇಳಿದ ಮೇಲೆ ನೋಡಿದರೆ ಕ್ಯಾಸೆಟ್ಟುಗಳೇನೋ ಕೆಸರಲ್ಲಿ ಸಿಕ್ಕವು, ಚೀಟಿ ಒಂದೂ ಇರಲಿಲ್ಲ. ಯಾವುದು ಯಾರದೋ ಆ ದೇವರೇ ಬಲ್ಲ. ಜನ ಗೋಣಿಚೀಲಕ್ಕೆ ತುಂಬಿ ತಂದು ಸಾಬರ ಮುಂದೆ ಸುರಿದರು. ಸಾಬರು ಒಂದೊಂದನ್ನೇ ಬಿಚ್ಚಿ, ತೊಳೆದು, ನೆರಳಲ್ಲಿ ಒಣಗಿಸಿ, ಮತ್ತೆ ಸುತ್ತಿ, ಮೆಷಿನ್ನಿಗೆ ಹಾಕಿ ಕೇಳೋರಂತೆ. ಹಿಂದೆ ಗಾಣದ ಸದ್ದು ಕೇಳ್ತಿದೆ, ಗಾಣದ ಪಕ್ಕದ ಮನೇದು ಅನ್ನೋರಂತೆ. ಬಾವಿ ರಾಟೆ ಕಿರುಗುಡ್ತಿದೆ, ಮೇಲುಕೇರಿದು ಅನ್ನೋರಂತೆ. ಕೆಮ್ಮು ಕೇಳಿ ಯಾವ ಮನೆತನ ಅಂತ ಹೇಳೋರಂತೆ. ಸೀನು ಕೇಳಿ ಹೆಸರೇ ಹೇಳೋರು ಅಂತಲೂ ಅಂತಾರೆ, ಅದು ಸ್ವಲ್ಪ ಜಾಸ್ತಿಯಾಯಿತು ಬಿಡಿ.

ಅದೇ ಊರಿನ ದೇವೀರಮ್ಮ ದಿನಾ ಬಂದು ಬೆಂಚಿನ ಮೇಲೆ ಕೂರೋಳಂತೆ. ಅವಳಿಗೆ ಆರು ವರ್ಷವಾಗಿದ್ದಾಗಲೇ ಅವ್ವ ತೀರಿಹೋಗಿದ್ದಳು. ಮುಖ ನೆನಪಿಲ್ಲ, ಫೋಟೋ ಇಲ್ಲ. ಇದ್ದದ್ದು ಅಪ್ಪ ತನ್ನ ಹಳೇ ಮೆಷಿನ್ನಿನಲ್ಲಿ ಹಿಡಿದಿಟ್ಟ ನಾಲ್ಕು ಮಾತು. ಮಗಳನ್ನು ಜಡೆ ಹಾಕಿಸಿಕೊಳ್ಳೋಕೆ ಕರೆಯೋ ಮಾತು, ಅಷ್ಟೇ. ವಾರಕ್ಕೊಂದು ಸಲ ಅದೇ ಮೆಷಿನ್ನಿಗೆ ಹಾಕಿ ಕೇಳೋಳು. ಕೇಳಿದರೆ ಆ ವಾರ ಹೇಗೋ ಕಳೆಯೋದು. ಆ ಮೆಷಿನ್ನು ಹೊಳೆ ಪಾಲಾಗಿತ್ತು. ಕ್ಯಾಸೆಟ್ಟಾದರೂ ಸಿಗಲಿ ಅಂತ ಅವಳು ಕಾಯುತ್ತಿದ್ದಳು.

ಕ್ಯಾಸೆಟ್ಟು ಸಿಕ್ಕಿತು. ಅವಳು ಹೇಳಿದ್ದ ಮಾತೇ ಬಂತು. ಆದರೆ ದನಿ ಗುಬ್ಬಚ್ಚಿ ಚೀರಿದ ಹಾಗೆ ಕೀರಲು. ಬೆಂಚಿನ ಮೇಲಿದ್ದವರು ನಕ್ಕೇಬಿಟ್ಟರು. ದೇವೀರಮ್ಮನ ಮುಖ ಬಾಡಿಹೋಯಿತು.

“ಮಾತು ನಮ್ಮವ್ವಂದೇ ಸಾಬ್ರೇ,” ಅಂದಳಂತೆ. “ದನಿ ನಮ್ಮವ್ವಂದಲ್ಲ.”

ಸಾಬರಿಗೆ ಗುಟ್ಟು ಹೊಳೆಯಿತು. ಅವಳಪ್ಪನ ಮೆಷಿನ್ನು ನಿಧಾನ ಓಡೋದು. ನಿಧಾನವಾಗಿ ಹಿಡಿದದ್ದನ್ನು ಅದೇ ನಿಧಾನದಲ್ಲಿ ಹಾಡಿದಾಗ ದನಿ ಸರಿಯಾಗೇ ಇರೋದು. ಸರಿಯಾಗಿ ಓಡೋ ಮೆಷಿನ್ನಿಗೆ ಹಾಕಿದರೆ ಕೀರಲಾಗದೆ ಇನ್ನೇನು? ಮೋಟಾರಿನ ತಿರುಪು ತಿರುಗಿಸಿ ನಿಧಾನ ಮಾಡಿದರಾಯಿತು. ಆದರೆ ಎಷ್ಟು? ಅದನ್ನು ಬಲ್ಲವಳು ಅವಳೊಬ್ಬಳೇ. ಸಾಬರು ಒಂಚೂರು ತಿರುಗಿಸೋರು, ಇದಾ ಅಂತ ಕೇಳೋರು. ಅವಳು ಅಲ್ಲ ಅನ್ನೋಳು. ಇನ್ನೊಂಚೂರು ತಿರುಗಿಸೋರು. ಹೀಗೇ ಮೂರು ದಿನ. ಮೂರನೇ ದಿನ ಅವಳು ಗಳಗಳ ಅತ್ತುಬಿಟ್ಟಳು. ಕಣ್ಣು ಮುಚ್ಚಿದರೆ ಕಿವಿಯೊಳಗೆ ಬರುತ್ತಿದ್ದ ಅವ್ವನ ದನಿ ಈಗ ಬರುತ್ತಲೇ ಇಲ್ಲ, ತಪ್ಪು ದನಿ ಕೇಳಿ ಕೇಳಿ ಇದ್ದ ದನಿಯೂ ಹೋಗ್ತಿದೆ, ಇನ್ನೆರಡು ದಿನ ಹೀಗೇ ಆದರೆ ಅವ್ವಂದು ಅಂತ ನನ್ನ ಹತ್ತಿರ ಏನೂ ಉಳಿಯಲ್ಲ ಅಂದಳಂತೆ.

ಸಾಬರು, ನಾನು ಕರೆಯೋ ತನಕ ಅಂಗಡಿ ಕಡೆ ತಲೆ ಹಾಕಬೇಡ ತಾಯಿ ಅಂತ ಅವಳನ್ನು ಮನೆಗೆ ಕಳಿಸಿದರು. ಅವಳು ಬೇರೆ ಯಾವ ದನಿಯೂ ಒಳಗೆ ಹೋಗದಿರಲಿ ಅಂತ ಕಿವಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳಂತೆ.

ಸಾಬರು ಆ ನಾಲ್ಕು ಮಾತನ್ನು ನೂರು ಸಲ ಕೇಳಿದರಂತೆ, ಸಾವಿರ ಸಲ ಅನ್ನೋರೂ ಇದ್ದಾರೆ. ಕೊನೆಗೆ ಮಾತಿನ ಹಿಂದೆ, ದೂರದಲ್ಲಿ, ಠಣ್ ಅಂದದ್ದು ಕಿವಿಗೆ ಬಿತ್ತು. ಸ್ಕೂಲಿನ ಗಂಟೆ! ಗಂಟೆ ಅಂದರೆ ಮರಕ್ಕೆ ತೂಗುಹಾಕಿದ ರೈಲು ಹಳಿಯ ತುಂಡು. ಹೊಳೆ ಬಂದು ಹೋದರೂ ಅದು ಅಲ್ಲೇ ತೂಗುತ್ತಿತ್ತು. ಕಬ್ಬಿಣದ ದನಿ ಬದಲಾಗುತ್ತದೆಯೇ? ಸಾಬರು ಮೆಷಿನ್ನು ಹೊತ್ತುಕೊಂಡು ಆ ಮರದ ಬುಡಕ್ಕೇ ಹೋಗಿ ಕೂತರು. ಮೇಷ್ಟರು ಹಳಿಗೆ ಒಂದೇಟು ಹೊಡೆಯೋರು, ಸಾಬರು ಕ್ಯಾಸೆಟ್ಟಿನ ಠಣ್ ಕೇಳೋರು, ಕೂದಲೆಳೆಯಷ್ಟು ತಿರುಪು ತಿರುಗಿಸೋರು. ಪ್ರೇಯರ್ ಹೊತ್ತಿಗೆ ಶುರು ಮಾಡಿದರೆ, ಸ್ಕೂಲು ಬಿಡೋ ಹೊತ್ತಿಗೆ ಎರಡೂ ಒಂದಾದವಂತೆ. ಅವತ್ತು ಯಾವ ಪಾಠ ಯಾವಾಗ ಮುಗಿಯಿತೋ ಮಕ್ಕಳಿಗೂ ಗೊತ್ತಾಗಲಿಲ್ಲ, ಮೇಷ್ಟರಿಗೂ ಗೊತ್ತಾಗಲಿಲ್ಲ.

ಅಲ್ಲಿಂದ ಸೀದಾ ದೇವೀರಮ್ಮನ ಮನೆಗೆ ಹೋಗಿ, ಕಿವಿಯ ಬಟ್ಟೆ ಬಿಚ್ಚು ಅಂತ ಸನ್ನೆ ಮಾಡಿ, ಮೆಷಿನ್ನನ್ನು ಜಗಲಿ ಮೇಲಿಟ್ಟು ಬಟನ್ ಒತ್ತಿದರಂತೆ.

“ಬಾ ಮಗ. ತಿರುಗಿ ಕೂತ್ಕೊ. ಜಡೆ ಹಾಕ್ತೀನಿ.”

ದೇವೀರಮ್ಮ ಮೆಷಿನ್ನಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತು ತುರುಬು ಬಿಚ್ಚಿದಳಂತೆ. ಅಲ್ಲಲ್ಲಿ ನೆರೆತ ಕೂದಲು ಬೆನ್ನ ಮೇಲೆ ಇಳಿಯಿತು.

ಸಾಬರು ಯಾರೂ ತಿರುಗಿಸದಿರಲಿ ಅಂತ ತಿರುಪಿನ ಮೇಲೆ ಅರಗು ಸುರಿದು, ಮೆಷಿನ್ನನ್ನು ಅಲ್ಲೇ ಬಿಟ್ಟು ಬಂದರಂತೆ. ಅವರಿಗಿದ್ದದ್ದೂ ಅದೊಂದೇ.

ಸಾಬರು ಹೋಗಿ ಎಷ್ಟೋ ಕಾಲವಾಯಿತು. ಅವರು ತೀರಿಕೊಂಡ ವಾರ ಊರವರೆಲ್ಲ ತಮ್ಮ ತಮ್ಮ ಕ್ಯಾಸೆಟ್ಟು ಹಾಕಿ ಅವರ ದನಿ ಹುಡುಕಿದರಂತೆ. ಒಂದರಲ್ಲೂ ಸಿಗಲಿಲ್ಲ. ದನಿ ಹಿಡಿಸೋರು “ಸಾಬ್ರೇ, ಶುರು ಮಾಡ್ಲಾ?” ಅಂತ ಕೇಳಿದರೆ, ತಮ್ಮ ದನಿ ಅಡ್ಡ ಬೀಳದಿರಲಿ ಅಂತ ಅವರು ಬರೀ ತಲೆಯಾಡಿಸೋರಂತೆ. ಊರಿನವರ ದನಿಯೆಲ್ಲ ಇತ್ತು, ಸಾಬರದು ಮಾತ್ರ ಇರಲಿಲ್ಲ.

ಈಗ ಎಲ್ಲರ ಕೈಯಲ್ಲೂ ಮೊಬೈಲು. ಆದರೂ ಮಾದನಗಟ್ಟದಲ್ಲಿ ಯಾರ ದನಿ ಹಿಡಿಯೋದಿದ್ದರೂ, ಬಟನ್ ಒತ್ತಿದ ಮೇಲೆ ಮೊದಲು “ಸಾಬ್ರೇ, ಶುರು ಮಾಡ್ಲಾ?” ಅಂತಾರೆ. ಅಂದು, ಒಂದು ಗಳಿಗೆ ಸುಮ್ಮನೆ ಕಾಯ್ತಾರೆ.